ಒಂದು ಹಲ್ಲು

ಒಣಗಿದ ಕಾಫಿ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗೆ ಬೀಜ ಬಿಟ್ಟಿದೆಯೋ ಎಂದು ಕೇಳುತ್ತಾರಲ್ಲ,
ಅದೇ ಸದ್ದು. ಟಿಕ್ಕ ಟಿಕ್ಕ ಟಿಕ್ಕ
ಬಾನೆಟ್ಟಿನ ಕೆಳಗೆ.
ಮೊನ್ನೆಯ ತನಕ ಇರಲಿಲ್ಲ.

ದೇಚಕ್ಕ ಗ್ಯಾರೇಜಿನ ಕಂಬಕ್ಕೊರಗಿ ನಿಂತಿದ್ದಾರೆ.
‘ಕ್ಯಾಮ್ ಹಾಕಿಸಿದ್ದು ಓಡಲಿಕ್ಕೆ ಮೊಯ್ದು, ಕೆಮ್ಮಲಿಕ್ಕಲ್ಲ.’
ಭಾನುವಾರ ಪೊನ್ನಂಪೇಟೆಯ ಆಚೆ ಗದ್ದೆಯಲ್ಲಿ ರೇಸು.
ಕೊಯ್ದು ತಿಂಗಳಾದ ಗದ್ದೆ,
ಕೂಳೆ ಒಣಗಿ ಕಾಲಿಗೆ ಚುಚ್ಚುವ ಗದ್ದೆ.
ಇಂದು ಗುರುವಾರ.

ಸ್ಟಾರ್ಟ್ ಮಾಡಿದರೆ ಜಿಪ್ಸಿಗೆ ಮೈಯೆಲ್ಲ ಚಳಿಜ್ವರ.
ಕನ್ನಡಿಯಲ್ಲಿ ಗೋಣಿಕೊಪ್ಪದ ಪೇಟೆ ಎರಡೆರಡಾಗಿ ಕಾಣುತ್ತದೆ,
ಡ್ಯಾಶಿನ ಮೇಲಿಟ್ಟ ಸ್ಪ್ಯಾನರು ತಾನೇ ನಡೆದು ಹೋಗಿ ಬೀಳುತ್ತದೆ.
ಆಮೇಲೆ ಏನೋ ನೆನಪಾದ ಹಾಗೆ
ಆಫ್.

ಮೊದಲು ಬೈದದ್ದು ಪೆಟ್ರೋಲನ್ನು.
ಆಮೇಲೆ ಪ್ಲಗ್ಗುಗಳನ್ನು: ನಾಲ್ಕನ್ನೂ ಬಿಚ್ಚಿ
ಹಳೇ ಪೇಪರಿನ ಮೇಲೆ ಸಾಲಾಗಿ ಕೂರಿಸಿದೆ.
ನಾಲ್ಕಕ್ಕೂ ಒಂದೇ ಮಸಿ. ಒಬ್ಬನೂ ಇನ್ನೊಬ್ಬನ ಮೇಲೆ ದೂರು ಹೇಳಲಿಲ್ಲ.
ಅಲ್ಲೇ ನನಗೆ ಹೊಳೆಯಬೇಕಿತ್ತು.

ಗಾಳಿ ಎಲ್ಲಾದರೂ ಕದ್ದು ಒಳನುಗ್ಗುತ್ತಿದೆಯೋ ಎಂದು
ಪೈಪು, ಗ್ಯಾಸ್ಕೆಟ್ಟು, ಮೂಲೆ ಮೂಲೆಗೂ ಸ್ಪ್ರೇ ಹೊಡೆದೆ.
ಸದ್ದು ಏರಲಿಲ್ಲ, ಇಳಿಯಲಿಲ್ಲ,
ನೌಫಲ್ ಮಾತ್ರ ಸೀನಿದ.

ಟ್ಯಾಪೆಟ್ ಹಿಡಿದು ಕೂತೆ.
ಎರಡು ಕೂದಲಿನಷ್ಟು ಸಂದು ಬೇಕು, ಮೂರು ಕೂದಲಾಗಬಾರದು.
ಗೇಜಿನ ತಗಡು ನುಸುಳಬೇಕು,
ಆದರೆ ಯಾರೂ ಇಲ್ಲದ ಮನೆಗೆ ನುಗ್ಗಿದ ಹಾಗಲ್ಲ,
ಒಳಗಿನಿಂದ ಯಾರೋ ತುಸು ಹಿಡಿದ ಹಾಗೆ.
ಮೂರನೆಯದರಲ್ಲಿ ಸಡಿಲ ಸಿಕ್ಕಿತು, ಬಿಗಿದೆ.
ಕಾಫಿ ಕಾಯಿ ಸುಮ್ಮನಾಯಿತು.
ಚಳಿಜ್ವರ ಬಿಡಲಿಲ್ಲ.

ಕೊಯಮತ್ತೂರಿನವನಿಗೆ ಫೋನು ಮಾಡಿದೆ:
‘ನಿನ್ನ ಕ್ಯಾಮೇ ಡೊಂಕು.’
ಅವನು ತಮಿಳಿನಲ್ಲಿ ಏರಿದ, ನಾನು ಮಲಯಾಳದಲ್ಲಿ ಏರಿದೆ,
ಇಬ್ಬರೂ ಇಟ್ಟೆವು.

ಶುಕ್ರವಾರ ರಾತ್ರಿ ಷಟರ್ ಅರ್ಧ ಎಳೆದು
ಉದ್ದದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ.
ಸಿದ್ದಾಪುರದ ಪೌಲೋಸ್ ಮೇಸ್ತ್ರಿ ಕಲಿಸಿದ್ದು ಹಾಗೆ.
ಇನ್ನೊಂದೂ ಕಲಿಸಿದ್ದರು:
‘ಕೊನೆಗೆ ಕೈ ಹಾಕಿದ ಕಡೆ ಮೊದಲು ನೋಡು.’
ಕೊನೆಗೆ ಕೈ ಹಾಕಿದವನು ನಾನೇ.
ಅದಕ್ಕೇ ಎರಡು ದಿನ
ಬೇರೆಲ್ಲ ಕಡೆ ನೋಡಿದ್ದು.

ಕವರು ಬಿಚ್ಚಿದೆ. ಪುಲ್ಲಿಯ ಗೆರೆ, ಹೆಡ್ಡಿನ ಗೆರೆ.
ಒಂದು ಹಲ್ಲು ಆಚೆ.
ಮಂಗಳವಾರ ಸಂಜೆ ಕರೆಂಟು ಹೋಗಿತ್ತು,
ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿ, ಅದರ ಬೆಳಕಿನಲ್ಲಿ
ಬೆಲ್ಟು ಏರಿಸಿ
‘ಆಯ್ತು’ ಅಂದಿದ್ದೆ. ಬಾಯಿ ತುಂಬ ಮೊಬೈಲು,
ಆ ‘ಆಯ್ತು’ ನನಗೇ ಸರಿಯಾಗಿ ಕೇಳಿಸಿರಲಿಲ್ಲ.

ಶನಿವಾರ. ಸ್ಟಾರ್ಟ್.
ಸ್ಪ್ಯಾನರು ಡ್ಯಾಶಿನ ಮೇಲೇ ಉಳಿಯಿತು, ಸಣ್ಣಗೆ ತಲೆದೂಗುತ್ತ.
ದೇಚಕ್ಕ ಬೆರಳು ತೋರಿಸಿದರು: ‘ಇದು ಇನ್ನೂ ಇದೆಯಲ್ಲ?’
ಇದು ಹೋಗುವುದಿಲ್ಲ ಅಕ್ಕ.
ಈ ಕ್ಯಾಮಿನಲ್ಲಿ ಹೊಗೆ ಹೊರಡುವ ಬಾಗಿಲು ಮುಚ್ಚುವ ಮೊದಲೇ
ಗಾಳಿ ಬರುವ ಬಾಗಿಲು ತೆರೆಯುತ್ತದೆ,
ಮೊದಲ ಪಂಕ್ತಿ ಏಳುವ ಮುಂಚೆಯೇ
ಎರಡನೇ ಪಂಕ್ತಿಯವರು ಕುರ್ಚಿ ಹಿಡಿದು ನಿಂತ ಹಾಗೆ.
ನಿಧಾನದಲ್ಲಿ ನೂಕುನುಗ್ಗಲು ಇದ್ದದ್ದೇ.
ಮೂರು ಸಾವಿರ ದಾಟಲಿ, ನೋಡಿ.

ದಾಟಿಸಿದರು. ಎದುರಿನ ಬೇಕರಿಯ ಗಾಜು ಗುಂಯ್‌ಗುಟ್ಟಿತು.
ಕಾಲು ತೆಗೆದು ಕೇಳಿದರು:
‘ಇದು ಗಾಡಿಯ ಗುಣ. ಸರಿ. ನಿನ್ನೆಯವರೆಗಿನದು?’

ನೌಫಲ್ ನನ್ನ ಮುಖ ನೋಡಿದ.
ಬಿಲ್ಲಿನಲ್ಲಿ ಮಜೂರಿಯ ಸಾಲನ್ನು ಪೆನ್ನಿನಿಂದ ಹೊಡೆದೆ.
‘ಅದು ನಂದು.’

ಅವರು ನಕ್ಕರೋ ಇಲ್ಲವೋ, ಹೆಲ್ಮೆಟ್ ಹಾಕಿಯಾಗಿತ್ತು.
ಜಿಪ್ಸಿ ತಿರುವಿನಲ್ಲಿ ಮರೆಯಾದ ಮೇಲೆ ನೆನಪಾಯಿತು,
ಸ್ಪ್ಯಾನರು ಅದರಲ್ಲೇ ಹೋಯಿತು.

ಕೊಯಮತ್ತೂರಿನ ನಂಬರು ಒತ್ತಿದೆ.
ರಿಂಗಾಗುತ್ತಿದೆ.